ಇಂಜಿನ್ ಓಡಿದರೂ ಬ್ಯಾಟರಿ ಏಕೆ ತುಂಬದು?
ನೆರೆಯ ದಿನಕ್ಕೆ ದೋಣಿಯನ್ನು ಸಿದ್ಧವಾಗಿಡುವ ಬಗೆ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ; ಇವೆರಡರ ನಡುವೆ ರಾಯಚೂರು. ದೇವದುರ್ಗ ತಾಲೂಕಿನ ಅಂಚಿಗೆ ಕೃಷ್ಣೆ ಹರಿದರೆ, ಮಾನ್ವಿಯ ಕಡೆಗೆ ತುಂಗಭದ್ರೆ. ಈ ನೀರಿನ ಹಳೆಯ ವಾಹನವೆಂದರೆ ಹರಿಗೋಲು. ಬಿದಿರಿನ ಬುಟ್ಟಿಗೆ ತೊಗಲು ಹೊದಿಸುವ ಕಾಲ ಹೋಗಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುವ ಕಾಲ ಬಂದಿದೆ. ಆದರೆ ಅಂಬಿಗನ ಹುಟ್ಟು ಮಾತ್ರ ಹಾಗೆಯೇ ಉಳಿದಿದೆ. ಕುರ್ವಕಲಾ ನಡುಗಡ್ಡೆಯ ಜನ ತಲೆಮಾರುಗಳಿಂದ ಹೊಳೆ ದಾಟಿದ್ದು ಇದರಲ್ಲಿಯೇ. ಅದಕ್ಕೆ ಇಂಜಿನ್ ಬೇಡ, ಬ್ಯಾಟರಿಯೂ ಬೇಡ.

ಆದರೆ ಹೊಳೆ ಉಕ್ಕಿದಾಗ ಹರಿಗೋಲು ಸಾಲದು. 2009ರ ಅಕ್ಟೋಬರಿನ ಮಹಾಪೂರವನ್ನು ಈ ಜಿಲ್ಲೆಯವರು ಮರೆತಿಲ್ಲ. 2019ರ ಆಗಸ್ಟಿನಲ್ಲಿ ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರಿನಲ್ಲಿ ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗಿತು. ಅಂತಹ ದಿನ ಬೇಕಾಗುವುದು ಇಂಜಿನ್ ದೋಣಿ. ಹಗ್ಗ ಎಳೆದು ಎಬ್ಬಿಸುವ ಸಣ್ಣ ಇಂಜಿನಿಗೆ ಬ್ಯಾಟರಿ ಬೇಕಿಲ್ಲ, ನಿಜ. ಆದರೆ ದೊಡ್ಡ ಇಂಜಿನನ್ನು ಎಬ್ಬಿಸಲು, ಕತ್ತಲಲ್ಲಿ ದೀಪ ಬೀರಲು, ದಡದವರೊಡನೆ ವೈರ್‌ಲೆಸ್ಸಿನಲ್ಲಿ ಮಾತನಾಡಲು ಅದೇ ಆಧಾರ. ಹನ್ನೊಂದು ತಿಂಗಳು ಷೆಡ್ಡಿನಲ್ಲಿ ಮಲಗಿದ ದೋಣಿ ಒಂದು ರಾತ್ರಿ ಏಳಬೇಕು. ಆ ರಾತ್ರಿ ಬ್ಯಾಟರಿ ಸತ್ತಿದ್ದರೆ?

“ಇಂಜಿನ್ ಓಡಿದರೆ ಬ್ಯಾಟರಿ ತಾನಾಗಿಯೇ ತುಂಬುತ್ತದೆಯಲ್ಲ!” ಎಂದು ವಾಚಕರು ಕೇಳಬಹುದು. ತೊಡಕು ಇರುವುದು ಈ ನಂಬಿಕೆಯಲ್ಲಿಯೇ.

ಅಂಡಿಗೆ ತುಂಬುವ ನ್ಯಾಯ

ಇಂಜಿನಿನ ತಿರುಗಾಟದಿಂದ ವಿದ್ಯುತ್ತನ್ನು ಹುಟ್ಟಿಸುವ ಯಂತ್ರಕ್ಕೆ ಆಲ್ಟರ್ನೇಟರ್ ಎಂದು ಹೆಸರು. ಅಯಸ್ಕಾಂತದ ಬಲದಿಂದ ತಂತಿಯಲ್ಲಿ ವಿದ್ಯುತ್ತನ್ನು ಹರಿಸಬಹುದೆಂದು ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ತ್ವವೇ ಇದರ ಮೂಲ. ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ರಚಿಸಿದನು. ಇವೆರಡರ ನಡುವೆ ನಿಂತು, ವಿದ್ಯುತ್ತಿನ ಒತ್ತಡ ಮಿತಿ ಮೀರದಂತೆ ಕಾಯುವುದು ರೆಗ್ಯುಲೇಟರ್.

ಹತ್ತಿಯ ಅಂಡಿಗೆ ತುಂಬಿದವರನ್ನು ಕೇಳಿ ನೋಡಿ. ಮೊದಲರ್ಧ ತುಂಬುವುದು ಸಲೀಸು. ಕೊನೆಯ ಪಾಲಿಗೆ ಮಾತ್ರ ತುಳಿದು ತುಳಿದು ಒತ್ತಬೇಕು. ಸೀಸದ ಬ್ಯಾಟರಿಯ ಸ್ವಭಾವವೂ ಇದೇ. ಸುಮಾರು ಶೇಕಡಾ 80ರವರೆಗೆ ಬೇಗ ತುಂಬುತ್ತದೆ. ಉಳಿದ 20ಕ್ಕೆ ಹಲವು ಗಂಟೆ ಬೇಕು. 100 ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧ ಬರಿದಾಗಿದೆ, ಆಲ್ಟರ್ನೇಟರಿನ ಮೇಲೆ 60 ಆಂಪಿಯರ್ ಎಂದು ಬರೆದಿದೆ ಎನ್ನಿ. ಒಂದೇ ಗಂಟೆಯಲ್ಲಿ ತುಂಬಿತೆಂದು ಲೆಕ್ಕ ಹಾಕಿದರೆ ಮೋಸ ಹೋದಂತೆಯೇ. ಆ 60 ಆಂಪಿಯರ್ ಇಂಜಿನ್ ಜೋರಾಗಿ ಓಡುವಾಗಿನ ಮಾತು. ನಿಧಾನವಾಗಿ ಓಡುವಾಗ ಅಷ್ಟು ಬರುವುದಿಲ್ಲ. ಯಂತ್ರ ಕಾದಂತೆ ಇನ್ನೂ ಇಳಿಯುತ್ತದೆ.

ಮಲ್ಪೆಯ ಆಳಸಮುದ್ರದ ದೋಣಿಗಳು ಹಲವು ದಿನ ಕಡಲಲ್ಲಿರುತ್ತವೆ. ಅವುಗಳ ಇಂಜಿನ್ ಗಂಟೆಗಟ್ಟಲೆ ಓಡುತ್ತದೆ. ಹೊಳೆಯ ದೋಣಿಯ ಓಟವಾದರೋ ದಡದಿಂದ ದಡಕ್ಕೆ ಕೆಲವೇ ನಿಮಿಷ. ಪ್ರತಿ ಬಾರಿ ಎಬ್ಬಿಸುವಾಗ ಖರ್ಚು, ತುಂಬಲು ಬಿಡುವಿಲ್ಲ. ಅರೆಹೊಟ್ಟೆಯಲ್ಲಿಯೇ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಹಾಗೆ ಕೂತದ್ದು ಮತ್ತೆ ಸುಲಭವಾಗಿ ಕರಗದು.

ತಂತಿಯಲ್ಲಿ ಸೋರುವ ಬಲ

ಇದಕ್ಕೆ ಪರಿಹಾರವೇನು? ಮೊದಲು ಹೊಸ ಯಂತ್ರ ಕೊಳ್ಳಲು ಓಡಬೇಡಿರಿ, ತಂತಿಯನ್ನು ನೋಡಿರಿ. ಆಲ್ಟರ್ನೇಟರಿನಿಂದ 14.4 ವೋಲ್ಟ್ ಹೊರಟಿದೆ, 40 ಆಂಪಿಯರ್ ಹರಿಯುತ್ತಿದೆ, ದಾರಿಯ ತಡೆ ಒಂದು ಓಮಿನ ನೂರನೆಯ ಒಂದು ಭಾಗ ಮಾತ್ರ ಎನ್ನಿ. ಅಷ್ಟಕ್ಕೇ 0.4 ವೋಲ್ಟ್ ಸೋರಿ, ಬ್ಯಾಟರಿಗೆ ತಲುಪುವುದು 14.0. ಅಂಡಿಗೆ ತುಳಿಯುವವನ ಕಾಲಿನ ಬಲ ಕಡಿಮೆಯಾದಂತೆ! ಆದುದರಿಂದ ತಂತಿ ದಪ್ಪವಾಗಿರಲಿ, ಗಿಡ್ಡವಾಗಿರಲಿ. ಟರ್ಮಿನಲ್ಲಿನ ಮೇಲೆ ಕೂತ ಬಿಳಿಯ ಪುಡಿಯನ್ನು ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒರೆಸಿ, ವ್ಯಾಸಲೀನ್ ಸವರಿರಿ. ಬೆಲ್ಟ್ ಸಡಿಲವಾಗಿದ್ದರೆ ಬಿಗಿಮಾಡಿಸಿರಿ.

ಎರಡನೆಯದು, ರೆಗ್ಯುಲೇಟರ್ ವೋಲ್ಟನ್ನು ಅಳೆಯುವುದು ಎಲ್ಲಿ ಎಂಬ ಪ್ರಶ್ನೆ. ತನ್ನ ಬಾಗಿಲಲ್ಲಿಯೇ ಅಳೆದರೆ ದಾರಿಯ ಸೋರಿಕೆ ಅದಕ್ಕೆ ಕಾಣದು. ಅಳೆಯುವ ತಂತಿಯನ್ನು ಬ್ಯಾಟರಿಯವರೆಗೆ ಒಯ್ಯುವ ಏರ್ಪಾಡು ಕೆಲವು ಯಂತ್ರಗಳಲ್ಲಿ ಇರುತ್ತದೆ. ಮೊದಲು ಬಲವಾಗಿ ಒತ್ತಿ, ತುಂಬಿದ ಮೇಲೆ ಒತ್ತಡವನ್ನು ತಾನೇ ಇಳಿಸುವ ಹಂತದ ರೆಗ್ಯುಲೇಟರುಗಳೂ ದೊರೆಯುತ್ತವೆ. ಇಂಜಿನ್ ಎಬ್ಬಿಸುವುದಕ್ಕೆ ಒಂದು, ದೀಪಕ್ಕೆ ಇನ್ನೊಂದು ಎಂದು ಬ್ಯಾಟರಿಗಳನ್ನು ಬೇರ್ಪಡಿಸಿದರೆ, ದೀಪ ಆರಿದರೂ ಇಂಜಿನ್ ಏಳುತ್ತದೆ.

ಒಂದು ಎಚ್ಚರಿಕೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಎಂದೂ ಕಳಚಬಾರದು. ಆಗ ಥಟ್ಟನೆ ಏರುವ ವೋಲ್ಟಿನಿಂದ ಆಲ್ಟರ್ನೇಟರಿನೊಳಗಿನ ಡಯೋಡುಗಳು ಸುಟ್ಟುಹೋಗಬಹುದು. ಲಿಥಿಯಂ ಬ್ಯಾಟರಿಯನ್ನು ಹಳೆಯ ಆಲ್ಟರ್ನೇಟರಿಗೆ ನೇರವಾಗಿ ಜೋಡಿಸುವುದೂ ಬೇಡ. ಅದು ಕೊಟ್ಟಷ್ಟನ್ನೂ ಹೀರುತ್ತದೆ, ಯಂತ್ರ ಕಾದು ಕೆಡುತ್ತದೆ.

ರಾಯಚೂರಿನ ಬಿಸಿಲು

ಇನ್ನು ನಮ್ಮ ಊರಿನದೇ ಆದ ಶತ್ರು: ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಹೊಸ ಮಾತಲ್ಲ. ತಯಾರಕರು ಹೇಳುವ ವೋಲ್ಟು ಸಾಮಾನ್ಯವಾಗಿ 25 ಡಿಗ್ರಿಯ ಲೆಕ್ಕದ್ದು. 12 ವೋಲ್ಟಿನ ಬ್ಯಾಟರಿಯು 45 ಡಿಗ್ರಿ ಕಾದಿದ್ದಾಗ ಸುಮಾರು ಅರ್ಧ ವೋಲ್ಟ್ ಇಳಿಸಬೇಕು. ಇಳಿಸದಿದ್ದರೆ ನೀರು ಕುದಿದಂತೆ ಗುಳ್ಳೆಯೆದ್ದು ಆರಿಹೋಗಿ, ಫಲಕಗಳು ಸವೆಯುತ್ತವೆ. ಸುಮ್ಮನೆ ಇಟ್ಟ ಬ್ಯಾಟರಿಯೂ ಸೆಕೆಯಲ್ಲಿ ಬೇಗ ತನ್ನಷ್ಟಕ್ಕೆ ಬರಿದಾಗುತ್ತದೆ. ಷೆಡ್ಡಿನ ದೋಣಿ ಮಳೆಗಾಲದ ಹೊತ್ತಿಗೆ ಮೂಕವಾಗುವುದು ಹೀಗೆ.

ಆದರೆ ಅದೇ ಬಿಸಿಲನ್ನು ಆಳಾಗಿ ದುಡಿಸಿಕೊಳ್ಳಬಹುದು. ಷೆಡ್ಡಿನ ಮೇಲೆ ಒಂದು ಸಣ್ಣ ಸೌರಫಲಕ, ಜೊತೆಗೆ ಹದ ಕಾಯುವ ಕಂಟ್ರೋಲರ್ ಇದ್ದರೆ, ಇಂಜಿನಿಗೆ ಪುರುಸೊತ್ತಿಲ್ಲದ ಆ ಕೊನೆಯ 20 ಪಾಲನ್ನು ಸೂರ್ಯನೇ ಮೆಲ್ಲಮೆಲ್ಲನೆ ತುಂಬುತ್ತಾನೆ. ತುಂಬುವಾಗ ಜಲಜನಕ ಅನಿಲ ಹೊರಡುವುದರಿಂದ ಗಾಳಿಯಾಡುವಂತಿರಲಿ. ಬಳಿಯಲ್ಲಿ ಬೀಡಿ ಹಚ್ಚಬೇಡಿರಿ. ತಿಂಗಳಿಗೊಮ್ಮೆ ಭಟ್ಟಿ ಇಳಿಸಿದ ನೀರನ್ನು ಗುರುತಿನವರೆಗೆ ಹಾಕಿರಿ. ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿದರೆ ತುಂಬಿದೆ, 12.2 ತೋರಿದರೆ ಅರ್ಧ ಬರಿದಾಗಿದೆ ಎಂದು ತಿಳಿಯಿರಿ.

ಈ ಮಾತು ದೋಣಿಗಷ್ಟೇ ಅಲ್ಲ. ಮಾನ್ವಿಯ ಭತ್ತದ ಗದ್ದೆಯಲ್ಲಿ ಹಂಗಾಮು ಮುಗಿದೊಡನೆ ಮೂಲೆಗೆ ನಿಲ್ಲುವ ಟ್ರ್ಯಾಕ್ಟರಿಗೂ ಇದೇ ಮದ್ದು. ಅದು ಏಳದಿದ್ದರೆ ನಾಲ್ಕು ಜನ ದೂಡಿಯಾರು. ಹರಿಯುವ ಕೃಷ್ಣೆಯಲ್ಲಿ ದೋಣಿಯನ್ನು ದೂಡುವವರು ಯಾರು? ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಹಿರಿಯರು ಹೇಳಿದ್ದುಂಟು. ನೆರೆ ಬಂದಾಗ ಬ್ಯಾಟರಿ ತುಂಬಿಸಲು ಹೊರಡುವುದೂ ಅದೇ ಕಥೆ. ಅದನ್ನು ತುಂಬಿಸಬೇಕಾದದ್ದು ಹೊಳೆ ಒಣಗಿ ಬಂಡೆ ಕಾಣುವ ಬೇಸಿಗೆಯಲ್ಲಿ.