ಗೆಲಿಲಿಯೋಗೆ ಅಳತೆಪಟ್ಟಿ ಹಿಡಿದವರು

‘ಸ್ಟಾರ್ ಟ್ರೆಕ್’ ಧಾರಾವಾಹಿಯ ಎಂಟರ್‌ಪ್ರೈಸ್ ನೌಕೆಯನ್ನು ವಾರವಾರವೂ ಒಂದೊಂದು ಗ್ರಹದಲ್ಲಿ ಇಳಿಸಿ ತೋರಿಸುವಷ್ಟು ಹಣ ನಿರ್ಮಾಪಕರ ಬಳಿ ಇರಲಿಲ್ಲ. ಮನುಷ್ಯರನ್ನು ಕ್ಷಣದಲ್ಲಿ ಮಾಯ ಮಾಡಿ ನೆಲಕ್ಕಿಳಿಸುವ ‘ಟ್ರಾನ್ಸ್‌ಪೋರ್ಟರ್’ ಹುಟ್ಟಿದ್ದೇ ಈ ಬಡತನದಿಂದ. ಆದರೂ ಕೆಲವು ಕಥೆಗಳಿಗೆ ಪುಟ್ಟದೊಂದು ಗಗನನೌಕೆ ಬೇಕೇ ಬೇಕಿತ್ತು. ಆಟಿಕೆ ಮಾದರಿಗಳನ್ನು ತಯಾರಿಸುವ ಎಎಂಟಿ ಕಂಪನಿ, ಮಾದರಿ ಮಾರುವ ಹಕ್ಕಿಗೆ ಬದಲಾಗಿ ಅದನ್ನು ಕಟ್ಟಿಸಿಕೊಟ್ಟಿತು. ಹಾಗೆ ಬಂದದ್ದು ‘ಗೆಲಿಲಿಯೋ’. 1967ರ ಜನವರಿ 5ರಂದು ಪ್ರಸಾರವಾದ ‘ದಿ ಗೆಲಿಲಿಯೋ ಸೆವೆನ್’ ಕಂತಿನಲ್ಲಿ ಕಥೆಯ ಕೇಂದ್ರವೇ ಅದು.

ಅಭಿಮಾನಿಗಳ ಕಸುಬು ಶುರುವಾಗುವುದು ಇಲ್ಲಿಂದ. ಆ ಕಂತಿನ ಮಾತಿನಲ್ಲಿ ನೌಕೆಯ ಉದ್ದ 24 ಅಡಿ. ಸ್ಟುಡಿಯೋದಲ್ಲಿ ಕಟ್ಟಿದ ಹೊರಕವಚದ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಆ ಕವಚದೊಳಗೆ ಎತ್ತರದ ಆಳು ನೆಟ್ಟಗೆ ನಿಲ್ಲಲಾರ. ಒಳಗಿನ ದೃಶ್ಯಗಳಿಗೆಂದು ಬೇರೆಯದೇ ಸೆಟ್ ಹಾಕಿದ್ದರು. ಅಲ್ಲಿ ಸ್ಪಾಕ್, ಮೆಕಾಯ್, ಸ್ಕಾಟ್ ಸೇರಿ ಎಂಟರ್‌ಪ್ರೈಸ್‌ನ ಏಳು ಮಂದಿ ಸಿಬ್ಬಂದಿ ಕೂರುತ್ತಾರೆ, ಏಳುತ್ತಾರೆ, ಓಡಾಡುತ್ತಾರೆ. ಹೊರಗಿನ ನೌಕೆಯೊಳಗೆ ಒಳಗಿನ ಕೋಣೆ ಹಿಡಿಸುವುದೇ ಇಲ್ಲ!

‘ನಾಟಕದ ಸೆಟ್ ತಾನೇ’ ಎಂದು ಕೈತೊಳೆದುಕೊಳ್ಳುವವನು ಈ ಕೆಲಸಕ್ಕೆ ಆಗಿಬರುವುದಿಲ್ಲ. ಕುಶಲಿ ಅಭಿಮಾನಿ ಚಿತ್ರದ ಒಂದು ಚೌಕಟ್ಟನ್ನು ನಿಲ್ಲಿಸಿ, ಬಾಗಿಲ ಬಳಿ ನಿಂತ ನಟನ ಎತ್ತರವನ್ನೇ ಅಳತೆಗೋಲು ಮಾಡಿಕೊಳ್ಳುತ್ತಾನೆ. ನಟ ಕ್ಯಾಮೆರಾಗೆ ಹತ್ತಿರವಿದ್ದು ನೌಕೆ ಹಿಂದಿದ್ದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಎರಡೂ ಒಂದೇ ದೂರದಲ್ಲಿರುವ ಚೌಕಟ್ಟು ಸಿಗುವತನಕ ಹುಡುಕುತ್ತಾನೆ. ತಲೆ ತಾಗದಂತೆ ಛಾವಣಿ ಎತ್ತರಿಸಿದರೆ ಉದ್ದ, ಅಗಲಗಳೂ ಅದೇ ಪ್ರಮಾಣದಲ್ಲಿ ಹಿಗ್ಗಬೇಕು. ಕಾಲು ಪಾಲು ಹಿಗ್ಗಿಸಿದರೆ 24 ಅಡಿ 30 ಆಗುತ್ತದೆ. ಆಗ ಇನ್ನೊಂದು ತೊಡಕು: ಇಷ್ಟು ದೊಡ್ಡದಾದ ನೌಕೆ, 947 ಅಡಿ ಉದ್ದದ ಎಂಟರ್‌ಪ್ರೈಸ್‌ನ ಬಾಲದಲ್ಲಿರುವ ಹ್ಯಾಂಗರಿನಲ್ಲಿ ತಿರುಗೀತೇ? ಒಂದು ಅಂಕಿ ಬದಲಿಸಿದರೆ ಹತ್ತು ಅಂಕಿಗಳು ಜವಾಬು ಕೇಳುತ್ತವೆ.

ಎಂಜಿನ್ ವಿಚಾರ ಇನ್ನೂ ಸ್ವಾರಸ್ಯದ್ದು. ಅದೇ ಕಂತಿನಲ್ಲಿ ಇಂಧನ ಸೋರಿಹೋಗುತ್ತದೆ. ಸ್ಕಾಟ್ ಫೇಸರ್ ಆಯುಧಗಳ ಶಕ್ತಿಯನ್ನು ಎಂಜಿನ್ನಿಗೆ ಹರಿಸುತ್ತಾನೆ. ಹಾರಬೇಕಾದರೆ 500 ಪೌಂಡ್ ಭಾರ ಇಳಿಸಬೇಕು ಎನ್ನುತ್ತಾನೆ. ಕೊನೆಗೆ ಸ್ಪಾಕ್ ಉಳಿದ ಇಂಧನವನ್ನು ಹೊರಚೆಲ್ಲಿ ಉರಿಸುತ್ತಾನೆ. ಹಾಗಾದರೆ ಇದು ಬರೀ ಇಂಧನ ಸುಡುವ ಯಂತ್ರವೇ? ಆದರೆ 1966ರ ‘ದಿ ಮೆನಾಜರಿ’ ಕಂತಿನಲ್ಲಿ ಇಂಥದೇ ಪುಟ್ಟ ನೌಕೆ, ಬೆಳಕಿಗಿಂತ ವೇಗವಾಗಿ ಸಾಗಬಲ್ಲ ಎಂಟರ್‌ಪ್ರೈಸ್‌ನ ಬೆನ್ನು ಹತ್ತುತ್ತದೆ. ತನಗೂ ಅಂಥ ವೇಗವಿಲ್ಲದೆ ಅದು ಹೇಗೆ? ನೆಲ ಬಿಟ್ಟೇಳಲು ಒಂದು ಎಂಜಿನ್, ದೂರ ಪಯಣಕ್ಕೆ ಪಕ್ಕದ ಎರಡು ಕೊಳವೆಗಳಲ್ಲಿ ಇನ್ನೊಂದು ಎಂದು ಊಹಿಸಿದರೆ ಎರಡೂ ಕಂತುಗಳು ಉಳಿಯುತ್ತವೆ. 500 ಪೌಂಡಿನಿಂದ ನೌಕೆಯ ಒಟ್ಟು ತೂಕವನ್ನು ಮಾತ್ರ ಲೆಕ್ಕ ಹಾಕಲಾಗದು. ಆ ಸಂಕಟದ ಹೊತ್ತಿನಲ್ಲಿ ಶಕ್ತಿ ಎಷ್ಟು ಕಡಿಮೆ ಬಿದ್ದಿತ್ತು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಸಾಕ್ಷ್ಯ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಗೇ ನಿಲ್ಲುವುದು ಪಳಗಿದ ಕೈಯ ಗುರುತು.

ಹೀಗೆ ಕಲ್ಪನೆಯ ನೌಕೆಗೆ ನಕ್ಷೆ ಬಿಡಿಸುವ ಪರಂಪರೆ ಹಳೆಯದು. ಫ್ರಾನ್ಜ್ ಜೋಸೆಫ್ ಎಂಬ ನಕ್ಷೆಗಾರರು ರಚಿಸಿದ ಎಂಟರ್‌ಪ್ರೈಸ್‌ನ ನೀಲನಕ್ಷೆಗಳು 1975ರಲ್ಲಿ ಪುಸ್ತಕದಂಗಡಿಗೇ ಬಂದವು. ಗೆಲಿಲಿಯೋದ ಹೊರಕವಚವೂ ಹಲವು ಕೈ ದಾಟಿ, ಶಿಥಿಲವಾಗಿ, ಅಭಿಮಾನಿಗಳ ಪ್ರಯತ್ನದಿಂದಲೇ ದುರಸ್ತಿಗೊಂಡು 2013ರಲ್ಲಿ ಹ್ಯೂಸ್ಟನ್‌ನ ಬಾಹ್ಯಾಕಾಶ ಕೇಂದ್ರದಲ್ಲಿ ಪ್ರದರ್ಶನಕ್ಕೆ ನಿಂತಿತು.

ಈ ಊಹೆಗಳಿಂದ ಯಾವ ರಾಕೆಟ್ಟೂ ಹಾರುವುದಿಲ್ಲ, ನಿಜ. ಆದರೆ ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು, ತಾನೇ ಊಹಿಸಿದ್ದು ಈ ಮೂರನ್ನೂ ಬೇರೆ ಬೇರೆ ಇಟ್ಟು ತೂಗುವ ಅಭ್ಯಾಸ ಮಾಡಿಸುವ ಹವ್ಯಾಸವನ್ನು ಕಾಲಹರಣ ಎನ್ನಲಾಗದು.