ಮರುಭೂಮಿಯಲ್ಲಿ ಮನೆಬಂಡಿ

ಗೃಹಸ್ಥನಿಗೆ ಮನೆಯನ್ನು ಬಿಟ್ಟು ಹೊರಡುವುದು ಕಷ್ಟ. ಆದರೆ ಮನೆಯೇ ಚಕ್ರಗಳ ಮೇಲೆ ಜೊತೆಗೆ ಬರುವುದಾದರೆ? ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿರುವ ಮಗನಲ್ಲಿಗೆ ಹೋಗಿದ್ದಾಗ, ಕಳೆದ ಕಾರ್ತಿಕ ಮಾಸದಲ್ಲಿ ಅಂಥ ಯೋಗವೊಂದು ನಮಗೆ ಒದಗಿತು. ಅಲ್ಲಿಯವರು ಕ್ಯಾಂಪರ್ ವ್ಯಾನ್ ಎನ್ನುವ ಈ ಬಂಡಿಯಲ್ಲಿ ಮಲಗಲು ಮಂಚ, ಅಡಿಗೆಗೆ ಒಲೆ, ೭೦ ಲೀಟರು ಹಿಡಿಯುವ ನೀರಿನ ತೊಟ್ಟಿ, ಎಲ್ಲವೂ ಉಂಟು. ಮಗ, ಸೊಸೆ, ಆರು ವರ್ಷದ ಮೊಮ್ಮಗಳು, ನಮ್ಮ ಗೃಹಿಣಿ, ನಾವು, ಹೀಗೆ ಐವರು ಹೊರಟೆವು.

ಮೊದಲು ಸೇರಿದುದು ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನವನ್ನು. ಮೊಹಾವಿ, ಕೊಲರಾಡೊ ಎಂಬ ಎರಡು ಮರುಭೂಮಿಗಳು ಅಲ್ಲಿ ಕೂಡುತ್ತವೆ. ಉದ್ಯಾನಕ್ಕೆ ಹೆಸರು ಕೊಟ್ಟ ಮರವು ನಮ್ಮ ಬೇಲಿಯ ಕತ್ತಾಳೆಯ ದಾಯಾದಿ. ಹೆಬ್ಬಂಡೆಗಳ ನಡುವೆ, ನಲ್ಲಿಯೇ ಇಲ್ಲದ ಬಿಡಾರದಲ್ಲಿ ಬಂಡಿಯನ್ನು ನಿಲ್ಲಿಸಿದೆವು.

ಬೆಳಗಾಗೆದ್ದು ನಾವು ನಿತ್ಯನಿಯಮದಂತೆ ಯಥೇಚ್ಛವಾಗಿ ಸ್ನಾನ ಮಾಡಿ, ಪಂಚೆಯನ್ನೂ ಜಾಲಿಸಿ ಹರವಿದೆವು. ಸಂಜೆ ಸೊಸೆ ಅನ್ನಕ್ಕಿಡಲು ನಲ್ಲಿಯನ್ನು ತಿರುಗಿಸಿದರೆ ಬುಸ್ಸೆಂದು ಗಾಳಿ ಬಂದಿತು. “ಅಣ್ಣಾ, ತೊಟ್ಟಿ ಬರಿದಾಗಿದೆ” ಎಂದನು ಮಗ, ಬೇರೊಂದು ಮಾತಾಡಲಿಲ್ಲ. ಉಳಿದದ್ದು ಒಂದೇ ಬಾಟಲಿ ನೀರು. ಕತ್ತಲೆಯಲ್ಲಿ ಅಪರಿಚಿತ ದಾರಿ ಬೇಡವೆಂದು ಅಲ್ಲಿಯೇ ಉಳಿದೆವು. ಮಗು ಅರ್ಧ ಕುಡಿದು, “ತಾತ, ನಿಮಗೆ?” ಎಂದು ನೀಡಿತು. ಬಾಯಾರಿಕೆಯಿಲ್ಲವೆಂದೆವು. ೩೫ ವರ್ಷ ಸತ್ಯವನ್ನು ಬೋಧಿಸಿದ ನಾಲಗೆ ಆಡಿದ ಸುಳ್ಳು ಅದು. ಅಮರಕೋಶದಲ್ಲಿ ನೀರಿಗೆ ‘ಜೀವನ’ವೆಂಬ ಹೆಸರುಂಟೆಂದು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿಲ್ಲ! ಅದರ ಅರ್ಥ ನಮಗಾದುದು ಆ ರಾತ್ರಿ.

ಮರುದಿನ ಉದ್ಯಾನದ ಹೊರಗೆ ಹೋಗಿ ತೊಟ್ಟಿಯನ್ನು ತುಂಬಿಸಿದೆವು. ಅಲ್ಲಿಯ ಆಮೆಯ ವಿಷಯವನ್ನು ಮಗ ಆಗ ಹೇಳಿದನು. ಅದು ಮಳೆಯ ನೀರನ್ನು ಮೂತ್ರಾಶಯದಲ್ಲಿ ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಜೀವಿಸುತ್ತದಂತೆ. ಯಾರಾದರೂ ಎತ್ತಿಕೊಂಡರೆ ಬೆದರಿ ಆ ನೀರನ್ನು ಚೆಲ್ಲಿಬಿಡುವುದುಂಟು, ಅದರಿಂದ ಸಾಯಲೂಬಹುದು. ಯಾರೂ ಬೆದರಿಸದೆಯೇ ತೊಟ್ಟಿಯನ್ನು ಚೆಲ್ಲಿದ ನಾವು ಸುಮ್ಮನೆ ಕೇಳಿದೆವು.

ಅಲ್ಲಿಂದ ಉತ್ತರಕ್ಕೆ ಡೆತ್ ವ್ಯಾಲಿ, ಎಂದರೆ ಮೃತ್ಯುವಿನ ಕಣಿವೆ. ೧೯೯೪ರಲ್ಲಿ ಈ ಎರಡೂ ಪ್ರದೇಶಗಳು ರಾಷ್ಟ್ರೀಯ ಉದ್ಯಾನಗಳಾದವು. ಕಣಿವೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೨ ಅಂಗುಲ. ಬ್ಯಾಡ್‌ವಾಟರ್ ಎಂಬ ಉಪ್ಪಿನ ಬಯಲು ಸಮುದ್ರಮಟ್ಟಕ್ಕಿಂತ ೨೮೨ ಅಡಿ ಕೆಳಗಿದೆ. ಫರ್ನೆಸ್ ಕ್ರೀಕಿನಲ್ಲಿ ೧೯೧೩ರ ಜುಲೈ ೧೦ರಂದು ೧೩೪ ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆ ದಾಖಲಾಯಿತು. ನಮ್ಮ ‘ಮರು’ ಶಬ್ದವೂ ಸಾವನ್ನು ಹೇಳುವ ‘ಮೃ’ ಧಾತುವಿನಿಂದಲೇ ಬಂದುದು, ಹೆಸರು ಒಪ್ಪಿತೆಂದುಕೊಂಡೆವು.

ಆದರೆ ಆ ಹೆಸರನ್ನಿಟ್ಟವರು ೧೮೪೯ರಲ್ಲಿ ಚಿನ್ನವನ್ನರಸುತ್ತ ಬಂದು ದಾರಿತಪ್ಪಿದ ಪರಸ್ಥಳದವರು. ಟಿಂಬಿಷಾ ಶೊಶೋನಿ ಜನರಿಗೆ ಇದು ತಲೆತಲಾಂತರದ ಮನೆ. ಒರತೆಗಳ ನೆಲೆಯನ್ನರಿತು, ಮೆಸ್ಕೀಟ್ ಮರದ ಕಾಯಿಗಳನ್ನು ಕುಟ್ಟಿ ಹಿಟ್ಟುಮಾಡಿ, ಬೇಸಿಗೆಯಲ್ಲಿ ಬೆಟ್ಟವೇರಿ ಅವರು ಬಾಳಿದರು. ೨೦೦೦ದಲ್ಲಿ ಶಾಸನವೊಂದು ಅವರ ಭೂಮಿಯ ಒಂದಂಶವನ್ನು ಅವರಿಗೆ ಹಿಂದಿರುಗಿಸಿತು. ಅಳತೆಯರಿತವನಿಗೆ ಮನೆ, ಅರಿಯದವನಿಗೆ ಮೃತ್ಯು, ಕಣಿವೆ ಒಂದೇ.

ಹೋಗುವ ವಾಚಕರು ಬೇಸಿಗೆಯನ್ನು ವರ್ಜಿಸಿ, ತಲೆಗೆ ದಿನಕ್ಕೆ ೪ ಲೀಟರಿಗೆ ಕಡಮೆಯಿಲ್ಲದಂತೆ ಕುಡಿಯುವ ನೀರನ್ನು ಬೇರೆಯಾಗಿಯೇ ಕೊಂಡೊಯ್ಯಬೇಕು. ನಾವಂತೂ ಮಿಕ್ಕ ದಿನಗಳಲ್ಲಿ ಒದ್ದೆಬಟ್ಟೆಯಿಂದ ಮೈಯೊರಸಿಕೊಂಡು ಸ್ನಾನವಾಯಿತೆಂದೆಣಿಸಿದೆವು.

ಮನೆಗೆ ಮರಳಿದ ಬೆಳಗ್ಗೆ ಸ್ನಾನದ ಕೋಣೆಯಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದೆವು. ಬಾಗಿಲ ಮೇಲೆ ಪುಟ್ಟ ಕೈ ಬಡಿಯಿತು. “ತಾತ, ನಮಗೂ ಸ್ವಲ್ಪ ಇದೆಯೇ?”