ಹೊರಗೆ ನೂರಕ್ಕೆ 4, ಒಳಗೆ ನೂರಕ್ಕೆ 36

ಆಸ್ಟ್ರೇಲಿಯಾದ ಜನಸಂಖ್ಯೆಯಲ್ಲಿ ಅಲ್ಲಿನ ಮೂಲನಿವಾಸಿಗಳ ಪಾಲು ಶೇ. 4ನ್ನೂ ಮುಟ್ಟುವುದಿಲ್ಲ. ಆದರೆ 2024ರ ಜೂನ್ ಕೊನೆಯಲ್ಲಿ ಆ ದೇಶದ ಜೈಲುಗಳಲ್ಲಿದ್ದ ಸುಮಾರು 44 ಸಾವಿರ ಕೈದಿಗಳಲ್ಲಿ ಶೇ. 36ರಷ್ಟು ಜನ ಅವರೇ. ಆಸ್ಟ್ರೇಲಿಯಾದ ವಯಸ್ಕರನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೆ ಲಕ್ಷಕ್ಕೆ ಇನ್ನೂರು ಚಿಲ್ಲರೆ ಮಂದಿ ಜೈಲಿನಲ್ಲಿದ್ದಾರೆ. ಮೂಲನಿವಾಸಿ ವಯಸ್ಕರಲ್ಲಿ ಈ ಸಂಖ್ಯೆ ಲಕ್ಷಕ್ಕೆ 2,300ಕ್ಕೂ ಮೇಲೆ.

ಇದು ಗೊತ್ತಿಲ್ಲದೆ ಬೆಳೆದ ರೋಗವಲ್ಲ. ಮೂಲನಿವಾಸಿಗಳ ಕಸ್ಟಡಿ ಸಾವುಗಳ ಬಗ್ಗೆ ಕೂಗು ಎದ್ದು, 1987ರಲ್ಲಿ ಸರ್ಕಾರ ರಾಯಲ್ ಕಮಿಷನ್ ಎಂಬ ವಿಚಾರಣಾ ಆಯೋಗವನ್ನು ನೇಮಿಸಿತ್ತು. 1980ರಿಂದ 1989ರ ಮೇ ತನಕ ಪೊಲೀಸರ ವಶದಲ್ಲಿ, ಜೈಲಿನಲ್ಲಿ, ಬಾಲಬಂದಿಖಾನೆಯಲ್ಲಿ ಸತ್ತ 99 ಮೂಲನಿವಾಸಿಗಳ ಬದುಕನ್ನು ಅದು ಒಂದೊಂದಾಗಿ ಕೆದಕಿ ನೋಡಿತು. 63 ಮಂದಿ ಸತ್ತದ್ದು ಪೊಲೀಸ್ ವಶದಲ್ಲಿ. 43 ಮಂದಿಯನ್ನು ಚಿಕ್ಕಂದಿನಲ್ಲೇ ತಂದೆತಾಯಿಯಿಂದ ಬೇರ್ಪಡಿಸಲಾಗಿತ್ತು. ಅಂದರೆ ಸರ್ಕಾರದ ಕೈ ಅವರ ಮೇಲೆ ಬಿದ್ದದ್ದು ಅದೇ ಮೊದಲಲ್ಲ. ಒಳಗೆ ಹೋದ ಮೇಲೆ ಮೂಲನಿವಾಸಿಗಳು ಇತರ ಕೈದಿಗಳಿಗಿಂತ ಹೆಚ್ಚಿನ ಪ್ರಮಾಣದಲ್ಲೇನೂ ಸಾಯುವುದಿಲ್ಲ, ಅವರು ಒಳಗೆ ಹೋಗುವುದೇ ವಿಪರೀತ ಎಂದು ಆಯೋಗ ಕಂಡುಕೊಂಡಿತು. 1991ರಲ್ಲಿ ಅದು ಕೊಟ್ಟ ಶಿಫಾರಸುಗಳು 339. ಜೈಲು ಕೊನೆಯ ದಾರಿಯಾಗಬೇಕು ಎಂಬುದೂ ಅದರಲ್ಲಿತ್ತು.

ಆಗ ಕೈದಿಗಳಲ್ಲಿ ಮೂಲನಿವಾಸಿಗಳ ಪಾಲು ಶೇ. 14. ಶಿಫಾರಸು ಬಂದ ಮೇಲೆ ಅದು ಎರಡೂವರೆ ಪಟ್ಟಾಯಿತು! ಕಸ್ಟಡಿಯಲ್ಲಿ ಸತ್ತ ಮೂಲನಿವಾಸಿಗಳ ಸಂಖ್ಯೆ ಅಲ್ಲಿಂದೀಚೆಗೆ 550 ದಾಟಿದೆ.

ಎಂಥೆಂಥ ಅಪರಾಧಕ್ಕೆ ಜೈಲು ಎಂದು ನೋಡಬೇಕು. 1997ರಿಂದ 2001ರವರೆಗೆ ನಾರ್ದರ್ನ್ ಟೆರಿಟರಿ ಎಂಬ ಪ್ರಾಂತ್ಯದಲ್ಲಿ ಕಡ್ಡಾಯ ಶಿಕ್ಷೆಯ ಕಾನೂನಿತ್ತು. 21 ವರ್ಷದ ಒಬ್ಬ ಯುವಕ 23 ಡಾಲರ್ ಬೆಲೆಯ ಬಿಸ್ಕತ್ತು, ಶರಬತ್ತು ಕದ್ದ. ಹಿಂದೆಯೂ ಕಳ್ಳತನ ಮಾಡಿದ್ದವನಾದ್ದರಿಂದ ಒಂದು ವರ್ಷ ಜೈಲು. ಅದಕ್ಕಿಂತ ಕಡಿಮೆ ಕೊಡಲು ನ್ಯಾಯಾಧೀಶರಿಗೆ ಅಧಿಕಾರವೇ ಇರಲಿಲ್ಲ. 2014ರಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ 22ರ ಹೆಣ್ಣುಮಗಳೊಬ್ಬಳನ್ನು 3,622 ಡಾಲರ್ ದಂಡ ಕಟ್ಟಿಲ್ಲವೆಂದು ಲಾಕಪ್ಪಿಗೆ ಹಾಕಿದರು. ನೋವು ನೋವು ಎಂದು ಆಕೆ ಅಂಗಲಾಚಿದರೂ ನಾಟಕ ಎಂದುಕೊಂಡರು. ಮುರಿದ ಪಕ್ಕೆಲುಬಿನಿಂದ ಹಬ್ಬಿದ ಸೋಂಕು ಮೂರನೇ ದಿನ ಅವಳನ್ನು ಕೊಂದಿತು. ಅಲ್ಲಿನ ದಂಡದ ಕಾನೂನು ಬದಲಾಗಲು 2020 ಬರಬೇಕಾಯಿತು. ರಸ್ತೆಯಲ್ಲಿ ಕುಡಿದು ತೂರಾಡುವುದು ಅಪರಾಧವಾಗಬಾರದು ಎಂದು ಆಯೋಗ ಹೇಳಿ 32 ವರ್ಷವಾದ ಮೇಲೆ, 2023ರಲ್ಲಿ, ವಿಕ್ಟೋರಿಯಾ ರಾಜ್ಯ ಅದನ್ನು ಒಪ್ಪಿತು. ಹತ್ತಿರ ಹತ್ತಿರ ಒಂದು ತಲೆಮಾರೇ ಕಳೆದಿತ್ತು.

2031ರೊಳಗೆ ಮೂಲನಿವಾಸಿ ವಯಸ್ಕರ ಬಂಧನದ ಪ್ರಮಾಣವನ್ನು ಶೇ. 15ರಷ್ಟು ಇಳಿಸುತ್ತೇವೆ ಎಂದು ಆಸ್ಟ್ರೇಲಿಯಾದ ಸರ್ಕಾರಗಳೆಲ್ಲ ಸೇರಿ ಗುರಿ ಹಾಕಿಕೊಂಡಿವೆ. ಪ್ರಮಾಣ ಮಾತ್ರ ಏರುತ್ತಲೇ ಇದೆ. ಒಂದು ಕಾರಣ ಜಾಮೀನು: ಅದರ ಕಾನೂನು ಬಿಗಿಯಾದಷ್ಟೂ ತೀರ್ಪಿಗೆ ಮೊದಲೇ ಒಳಗಿರುವವರು ಹೆಚ್ಚುತ್ತಾರೆ. ಚುನಾವಣೆ ಬಂದಾಗಲೆಲ್ಲ ಜಾಮೀನೇ ಮೊದಲು ಬಿಗಿಯಾಗುವುದು.

ಮಕ್ಕಳ ವಿಷಯಕ್ಕೆ ಬರೋಣ. ಎಷ್ಟೇ ಕಡಿಮೆಯೆಂದರೂ 14 ವರ್ಷ ತುಂಬುವ ತನಕ ಮಗುವನ್ನು ಅಪರಾಧಿ ಎನ್ನಬೇಡಿ ಎನ್ನುತ್ತದೆ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ. ನಾರ್ದರ್ನ್ ಟೆರಿಟರಿಯ ಬಾಲಬಂದಿಖಾನೆಗಳಲ್ಲಿರುವವರು ಹೆಚ್ಚುಕಡಿಮೆ ಎಲ್ಲರೂ ಮೂಲನಿವಾಸಿ ಮಕ್ಕಳೇ. ಅಲ್ಲಿ 2023ರ ಆಗಸ್ಟ್‌ನಲ್ಲಿ ಮಗುವನ್ನು ಅಪರಾಧಿ ಎನ್ನಬಹುದಾದ ಕನಿಷ್ಠ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದರು. ಮರುವರ್ಷ ಸರ್ಕಾರ ಬದಲಾಯಿತು. ಹೊಸಬರು ಅಕ್ಟೋಬರ್‌ನಲ್ಲೇ ಅದನ್ನು ಮತ್ತೆ 10ಕ್ಕೆ ಇಳಿಸಿದರು.